ನಾಯಿ, ಬೆಕ್ಕು, ಕುರಿಗಳ ಜಂತು ಮತ್ತು ಉಣ್ಣಿ ಕಾಟ: ಮೈಗೆ ಮದ್ದು, ಅಂಗಳಕ್ಕೂ ಮದ್ದು

ನಾಯಿಗೆ ಉಣ್ಣಿ ಹತ್ತಿದರೆ ನಾವು ಮೊದಲು ಓಡುವುದು ಔಷಧ ಅಂಗಡಿಗೆ. ಏನೋ ಒಂದು ತಂದು ಮೈಗೆ ಹಚ್ಚುತ್ತೇವೆ. ಸ್ವಲ್ಪ ದಿನ ಆರಾಮ. ಆಮೇಲೆ ಮತ್ತೆ ಅದೇ ಕತೆ. "ಈಗಿನ ಔಷಧದಾಗ ದಮ್ಮೇ ಇಲ್ರಿ" ಅಂತ ಬೈದು ಅದಕ್ಕಿಂತ ಖಡಕ್ ಆದದ್ದನ್ನು ಹುಡುಕುತ್ತೇವೆ. ಆದರೆ ತಪ್ಪು ಬಹಳ ಸಲ ಔಷಧದ್ದಲ್ಲ. ಮೈಮೇಲೆ ಕಾಣುವ ಉಣ್ಣಿ ಸ್ವಲ್ಪ, ಕಾಣದೆ ಇರುವುದೇ ಜಾಸ್ತಿ. ಚಿಗಟದ ಮಾತು ತೆಗೆದುಕೊಂಡರೆ, ಮೈಮೇಲೆ ಓಡಾಡುವ ದೊಡ್ಡ ಚಿಗಟಗಳು ಒಟ್ಟು ಸಂಖ್ಯೆಯಲ್ಲಿ ಸುಮಾರು ಶೇಕಡ 5 ಮಾತ್ರ. ಉಳಿದದ್ದೆಲ್ಲ ಮೊಟ್ಟೆ, ಮರಿ, ಗೂಡುಗಳಾಗಿ ನೆಲದಲ್ಲಿ, ಗೋಣಿಚೀಲದಲ್ಲಿ, ಕೌದಿಯಲ್ಲಿ ಇರುತ್ತದೆ. ಹೊಟ್ಟೆಯ ಜಂತುವಿನದೂ ಅರ್ಧ ಜೀವನ ಹೊರಗಿನ ಮಣ್ಣಿನಲ್ಲೇ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆ ಒಂದೇ ಅಂಗಳದಲ್ಲಿ ನಾಯಿ, ಬೆಕ್ಕು, ಎರಡು ಆಡು, ಒಂದು ಆಕಳು ಎಲ್ಲಾ ಇರುತ್ತವೆ. ಹೀಗಾಗಿ ಒಂದಕ್ಕೆ ಮದ್ದು ಮಾಡಿ ಉಳಿದದ್ದನ್ನು ಬಿಟ್ಟರೆ ಕೆಲಸ ಮುಗಿಯುವುದಿಲ್ಲ. ಎಲ್ಲಿಂದ ಶುರು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

ಮೊದಲು ಬೆಳಕಿನಲ್ಲಿ ಕೂಡಿಸಿ ನೋಡಿ

ಹಗಲು ಬೆಳಕಿನಲ್ಲಿ ನಾಯಿಯನ್ನು ಕಟ್ಟೆಯ ಮೇಲೆ ಕೂಡಿಸಿ. ಉಣ್ಣಿಗೆ ಇಷ್ಟವಾದ ಜಾಗಗಳು ಗೊತ್ತಿರುವಂಥವೇ: ಕಿವಿಯ ಒಳಗೆ ಮತ್ತು ಅಂಚಿಗೆ, ಕೊರಳಪಟ್ಟಿಯ ಕೆಳಗೆ, ಕಂಕುಳಲ್ಲಿ, ಬಾಲದ ಬುಡದಲ್ಲಿ, ಕಾಲ್ಬೆರಳ ಸಂದಿನಲ್ಲಿ. ಬೆರಳ ಸಂದನ್ನು ಬಹಳ ಜನ ಮರೆಯುತ್ತಾರೆ. ಕೂದಲಿನ ದಿಕ್ಕಿಗೆ ಎದುರಾಗಿ ಕೈ ಆಡಿಸಿದರೆ ಸಾಸಿವೆಯಷ್ಟು ಸಣ್ಣ ಉಣ್ಣಿ ಮರಿಯೂ ಬೆರಳಿಗೆ ಹತ್ತುತ್ತದೆ.

ಆಮೇಲೆ ತುಟಿ ಎತ್ತಿ ಒಸಡು ನೋಡಿ. ನಸುಗೆಂಪಾಗಿ, ಹಸಿಯಾಗಿ ಇದ್ದರೆ ಚಿಂತೆಯಿಲ್ಲ. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ. ಕರುಳಲ್ಲಿ ರಕ್ತ ಹೀರುವ ಕೊಕ್ಕೆಹುಳು ಇರಬಹುದು, ಉಣ್ಣಿ ತಂದ ಜ್ವರವೂ ಇರಬಹುದು. ಎರಡಕ್ಕೂ ಡಾಕ್ಟರ್ ಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳ ಕೆಳಗಿನ ಕಣ್ಣುರೆಪ್ಪೆ ಎಳೆದು ಒಳಬಣ್ಣ ನೋಡಿ.

ಚಿಗಟ ಕಣ್ಣಿಗೆ ಬೀಳದಿದ್ದರೆ ಇದನ್ನು ಮಾಡಿ. ಒಂದು ಬಿಳಿ ಬಟ್ಟೆ ಹಾಸಿ, ನಾಯಿಯನ್ನೋ ಬೆಕ್ಕನ್ನೋ ಅದರ ಮೇಲೆ ನಿಲ್ಲಿಸಿ, ಸೊಂಟದ ಮೇಲಿನ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ. ಕರಿ ಪುಡಿ ಉದುರುತ್ತದೆ. ಅದರ ಮೇಲೆ ನೀರು ಚಿಮುಕಿಸಿ. ಮಣ್ಣಾದರೆ ಮಣ್ಣಿನ ಬಣ್ಣವೇ ಉಳಿಯುತ್ತದೆ. ಸುತ್ತಲೂ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ. ಅದು ಕುಡಿದ ರಕ್ತವೇ ಅದು.

ಬಾಲದ ಕೆಳಗೆ ಅಥವಾ ಮಲಗುವ ಜಾಗದಲ್ಲಿ ಅಕ್ಕಿಕಾಳಿನಂಥ ತುಣುಕು ಕಂಡರೆ ಅದು ಲಾಡಿಹುಳು. ಹಸಿಯಿದ್ದಾಗ ಮೆಲ್ಲಗೆ ಅಲುಗಾಡುತ್ತದೆ, ಒಣಗಿದರೆ ಹಳದಿಯಾಗುತ್ತದೆ. ಈ ಹುಳದ ಮರಿ ಬೆಳೆಯುವುದು ಚಿಗಟದ ಹೊಟ್ಟೆಯಲ್ಲಿ. ನಾಯಿ ಮೈ ಕಚ್ಚಿಕೊಳ್ಳುವಾಗ ಚಿಗಟ ನುಂಗುತ್ತದೆ, ಹುಳ ಒಳಗೆ ಹೋಗುತ್ತದೆ. ಹಾಗಾಗಿ ಚಿಗಟ ಬಿಟ್ಟು ಬರೀ ಜಂತಿನ ಮಾತ್ರೆ ಕೊಟ್ಟರೆ ತಿಂಗಳೊಳಗೆ ಮತ್ತೆ ಅಕ್ಕಿಕಾಳು ಕಾಣಿಸಿಕೊಳ್ಳುತ್ತದೆ.

ಮುಧೋಳ ನಾಯಿ ಸಾಕಿದವರಿಗೆ ಒಂದು ಮಾತು. ಈ ತಳಿಯ ಮೈಕಟ್ಟೇ ತೆಳ್ಳಗೆ, ಆರೋಗ್ಯವಾಗಿದ್ದರೂ ಪಕ್ಕೆಲುಬು ಕಾಣುತ್ತವೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿಯೂ ಹಾಗೇ ಇದೆ. "ಹುಳ ಆಗ್ಯಾವ, ಅದಕ್ಕ ಸೊರಗೈತಿ" ಅಂತ ಸುಮ್ನೆ ತಿಂಗಳಿಗೊಂದು ಮಾತ್ರೆ ನುಂಗಿಸಬೇಡಿ. ಕೂದಲು ಹೊಳಪು ಕಳೆದುಕೊಂಡಿದೆಯಾ, ಸೊಂಟದ ಎಲುಬು ಚುಚ್ಚುವ ಹಾಗೆ ಎದ್ದಿದೆಯಾ, ಓಟದಲ್ಲಿ ಬೇಗ ದಣಿಯುತ್ತದೆಯಾ, ಅದನ್ನು ನೋಡಿ. ಅನುಮಾನವಿದ್ದರೆ ಅದೇ ದಿನದ ಮಲವನ್ನು ಕಡಲೆಕಾಳಿನಷ್ಟು ಒಂದು ಸ್ವಚ್ಛ ಡಬ್ಬಿಯಲ್ಲಿ ಹಾಕಿ ದನದ ದವಾಖಾನೆಗೆ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಾಣುತ್ತವೆ. ಬಹಳಷ್ಟು ಹುಳ ಬರಿಗಣ್ಣಿಗೆ ಕಾಣುವುದೇ ಇಲ್ಲ.

ಎರಡನೆಯದು, ತೂಕ

ಅಂಗಡಿಯಲ್ಲಿ "ನಾಯಿ ತೂಕ ಎಷ್ಟೈತ್ರಿ ಕಾಕಾ?" ಅಂತ ಕೇಳಿದರೆ ಬರುವ ಉತ್ತರ "ಇಷ್ಟೆತ್ತರ ಐತಿ ನೋಡಪಾ". ಮಾತ್ರೆಗೆ ಎತ್ತರ ಗೊತ್ತಾಗುವುದಿಲ್ಲ. ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ನೀವೊಬ್ಬರೇ ಹತ್ತಿ, ಎರಡರ ವ್ಯತ್ಯಾಸ ತೆಗೆಯಿರಿ. ಬೆಕ್ಕನ್ನು ಕೈಚೀಲದಲ್ಲಿ ಕೂಡಿಸಿ ತೂಗಿ. ಔಷಧ ಕಡಿಮೆಯಾದರೆ ಹುಳ ಸಾಯದೆ ಔಷಧಕ್ಕೆ ಒಗ್ಗಿಕೊಳ್ಳುತ್ತದೆ. ಜಾಸ್ತಿಯಾದರೆ ಪ್ರಾಣಿಗೇ ಕುತ್ತು.

ಜಂತಿನ ಮಾತ್ರೆ ಯಾವಾಗ?

ನಾಯಿಮರಿಗೆ ಹುಟ್ಟುವ ಮೊದಲೇ ಹುಳ ಇರುತ್ತದೆ. ತಾಯಿಯ ಮೈಯಲ್ಲಿ ಮಲಗಿದ್ದ ದುಂಡುಹುಳದ ಮರಿಗಳು ಗರ್ಭದಲ್ಲೇ ಮರಿಗೆ ಸೇರುತ್ತವೆ. ಕೊಕ್ಕೆಹುಳು ಹಾಲಿನ ಮೂಲಕ ಬರುತ್ತದೆ. ಹೊಟ್ಟೆ ಡುಬ್ಬ, ಮೈ ಮಾತ್ರ ಒಣಕಲು, ಅಂಥ ಮರಿಯನ್ನು ನೋಡಿರುತ್ತೀರಿ ಅಲ್ವಾ? "ಚಲೋ ಹಾಲು ಕುಡದೈತಿ" ಅಂತ ಖುಷಿಪಡುವ ಹೊಟ್ಟೆ ಅದಲ್ಲ.

ಹಾಗಾಗಿ ಎರಡನೇ ವಾರಕ್ಕೇ ಶುರು ಮಾಡಬೇಕು. ಎರಡು ವಾರಕ್ಕೊಮ್ಮೆಯಂತೆ ಮೂರು ತಿಂಗಳವರೆಗೆ, ಆಮೇಲೆ ತಿಂಗಳಿಗೊಮ್ಮೆ ಆರು ತಿಂಗಳವರೆಗೆ. ಸಣ್ಣ ಮರಿಗೆ ಪೈರಾಂಟೆಲ್ ಇರುವ ದ್ರವವೇ ಅನುಕೂಲ. ಹನಿ ಲೆಕ್ಕ ಡಾಕ್ಟರಿಂದ ಬರೆಸಿಕೊಳ್ಳಿ. ಮರಿಗೆ ಕೊಡುವ ದಿನ ತಾಯಿಗೂ ಕೊಡಬೇಕು. ಬೆಕ್ಕಿನ ಮರಿಗೆ ಮೂರನೇ ವಾರದಿಂದ ಶುರು ಮಾಡಿದರೆ ಸಾಕು. ಬೆಕ್ಕಿನಲ್ಲಿ ದುಂಡುಹುಳು ಹಾಲಿನಿಂದ ಬರುತ್ತದೆಯೇ ಹೊರತು ಗರ್ಭದಲ್ಲಿ ಅಲ್ಲ.

ದೊಡ್ಡ ನಾಯಿ, ಬೆಕ್ಕಿಗೆ ಮೂರು ತಿಂಗಳಿಗೊಮ್ಮೆ. ಇದನ್ನು ನೆನಪಿಡುವುದೇ ಕಷ್ಟ. ಶಾಲೆಯಲ್ಲಿ, ಅಂಗನವಾಡಿಯಲ್ಲಿ ಮಕ್ಕಳಿಗೆ ಜಂತುಹುಳು ಮಾತ್ರೆ ಕೊಡುವ ದಿನ ಫೆಬ್ರವರಿ 10 ಮತ್ತು ಆಗಸ್ಟ್ 10. ಅವೆರಡರ ನಡುವೆ ಮೇ 10, ನವೆಂಬರ್ 10 ಸೇರಿಸಿಕೊಂಡರೆ ನಾಯಿಯ ವರ್ಷದ ಲೆಕ್ಕ ತಾನಾಗಿಯೇ ಕೂಡುತ್ತದೆ. ಆದರೆ ಮಕ್ಕಳ ಮಾತ್ರೆ ಉಳಿಯಿತೆಂದು ನಾಯಿಗೆ ಹಾಕಬೇಡಿ. ನಾಯಿಗೆ ಬೇಕಾದದ್ದು ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಕೂಡಿದ ಮಾತ್ರೆ. ಹೆಚ್ಚಿನವು 10 ಕೆಜಿಗೆ ಒಂದರಂತೆ ಬರುತ್ತವೆ. ಆದರೂ ಪೊಟ್ಟಣದ ಮೇಲಿನದನ್ನು ಓದಿ. ಗಬ್ಬದ ನಾಯಿ, ಬೆಕ್ಕಿಗೆ ಡಾಕ್ಟರನ್ನು ಕೇಳದೆ ಯಾವುದನ್ನೂ ಕೊಡಬೇಡಿ.

ನಾಯಿಗೆ ಮಾತ್ರೆಯನ್ನು ರೊಟ್ಟಿ ಚೂರಿನಲ್ಲಿ ಬೆಲ್ಲ ಹಚ್ಚಿ ಸುತ್ತಿಕೊಟ್ಟರೆ ಆಯಿತು. ಬೆಕ್ಕಿಗೆ ಈ ಆಟ ನಡೆಯುವುದಿಲ್ಲ. ಹಳೆ ಟವೆಲ್‌ನಲ್ಲಿ ಕಾಲು ನಾಲ್ಕೂ ಒಳಗೆ ಬರುವಂತೆ ಸುತ್ತಿ. ತಲೆಯನ್ನು ಮೇಲಿನಿಂದ ಹಿಡಿದು ಸ್ವಲ್ಪ ಮೇಲಕ್ಕೆ ಎತ್ತಿದರೆ ಕೆಳದವಡೆ ತಾನೇ ಸಡಿಲವಾಗುತ್ತದೆ. ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಇಟ್ಟು ಬಾಯಿ ಮುಚ್ಚಿ. ಆಮೇಲೆ ಸೂಜಿ ಇಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಒಂದೆರಡು ಚಮಚ ನೀರು ಮೆಲ್ಲಗೆ ಕುಡಿಸಿ. ಒಣ ಮಾತ್ರೆ ಅನ್ನನಾಳದಲ್ಲೇ ಸಿಕ್ಕಿಕೊಂಡು ಹುಣ್ಣು ಮಾಡುವುದುಂಟು.

ಮಾತ್ರೆ ಕೊಟ್ಟ ಮೇಲಿನ ಕೆಲಸ ಸಲಿಕೆಯದು. ದುಂಡುಹುಳದ ಮೊಟ್ಟೆ ಮಣ್ಣಿಗೆ ಬಿದ್ದ ಮೇಲೆ ಸೋಂಕು ಹರಡಲು ತಯಾರಾಗಲಿಕ್ಕೆ ಎರಡು ವಾರವಾದರೂ ಬೇಕು. ತಯಾರಾದ ಮೇಲೆ ಮಾತ್ರ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ದಿನಾ ಮಲ ಎತ್ತಿ ಹೂತರೆ ಅದಕ್ಕೆ ಆ ಪುರಸೊತ್ತೇ ಸಿಗುವುದಿಲ್ಲ. ಕಾಯಿಪಲ್ಯ ಬೆಳೆದ ಹಿತ್ತಲಲ್ಲಿ ಹೂಳಬೇಡಿ.

ಉಣ್ಣಿ: ಮೈಮೇಲಿನದು, ಗೋಡೆಯಲ್ಲಿನದು

ಕಂಡ ಉಣ್ಣಿಯನ್ನು ಕೀಳುವ ರೀತಿ ಹೀಗೆ. ಚಿಮಟದಿಂದ ಚರ್ಮಕ್ಕೆ ಹತ್ತಿ ಹಿಡಿದು, ಒಂದೇ ಸಮನೆ ನೇರವಾಗಿ ಎಳೆಯಿರಿ. ಒಮ್ಮೆಲೇ ಜಗ್ಗಬೇಡಿ, ತಿರುಚಬೇಡಿ. ಊದಿನಕಡ್ಡಿಯಿಂದ ಸುಡುವುದು, ಸೀಮೆಎಣ್ಣೆ ಬಿಡುವುದು ಬೇಡ. ಗಾಬರಿಯಾದ ಉಣ್ಣಿ ತನ್ನ ಜೊಲ್ಲನ್ನು ಗಾಯದೊಳಕ್ಕೇ ಬಿಡಬಹುದು, ರೋಗ ಹರಡುವುದು ಆ ಜೊಲ್ಲಿನಿಂದಲೇ. ಕಿತ್ತದ್ದನ್ನು ಉಗುರಲ್ಲಿ ಚಿಟಕ್ಕನೆ ಒಡೆಯುವ ಚಟ ಕೆಲವರಿಗೆ ಇರುತ್ತದೆ. ಬಿಡಿ ಅದನ್ನು. ಸಾಬೂನು ನೀರಿನ ಡಬ್ಬಿಗೋ ಸ್ಪಿರಿಟ್‌ಗೋ ಹಾಕಿ.

ರಕ್ತ ಕುಡಿದು ದಪ್ಪಗಾದ ಹೆಣ್ಣು ಉಣ್ಣಿ ಮೈಯಿಂದ ಉದುರಿ, ಗೋಡೆಯ ಸಂದಿಗೆ ಹತ್ತಿ, ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ನಮ್ಮ ಕಡೆಯ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ ಮನೆಗಳಲ್ಲಿ ಅದಕ್ಕೆ ಸಂದುಗಳಿಗೇನು ಬರ? ಉಣ್ಣಿಯ ಮರಿಯು ನಾಯಿಯ ಮೈ ಹತ್ತಿ ರಕ್ತ ಕುಡಿದು ಮತ್ತೆ ಇಳಿಯುತ್ತದೆ, ಪೊರೆ ಕಳಚಿ ಮತ್ತೆ ಹತ್ತುತ್ತದೆ. ಹೀಗೆ ದೊಡ್ಡದಾಗುವುದರೊಳಗೆ ಹಲವು ಸಲ ಗೋಡೆಗೂ ನಾಯಿಗೂ ಓಡಾಟ.

ಅದಕ್ಕೇ ನಾಯಿ ಮಲಗುವ ಮೂಲೆಯ ಗೋಡೆಯನ್ನು ನೆಲದಿಂದ ಆಳೆತ್ತರದವರೆಗೆ ಟಾರ್ಚ್ ಬಿಟ್ಟು ನೋಡಿ. ಬಾಗಿಲ ಚೌಕಟ್ಟಿನ ಹಿಂದೆ, ಸಂದಿನಲ್ಲಿ ಗುಂಪಾಗಿ ಕೂತಿರುತ್ತವೆ. ಸಂದಿಗೆ ಸಿಮೆಂಟ್ ಮೆತ್ತಿ ಸುಣ್ಣ ಬಳಿಯಿರಿ. ಗೋಡೆಗೆ ಸಿಂಪಡಿಸುವ ಔಷಧವನ್ನು ಪೊಟ್ಟಣದ ಅಳತೆಯಲ್ಲೇ ಕಲಸಿ. ಪ್ರಾಣಿ, ಮಕ್ಕಳು, ನೀರಿನ ಕೊಡ ಎಲ್ಲಾ ಹೊರಗಿಟ್ಟು ಹೊಡೆದು, ಒಣಗಿದ ಮೇಲೆ ಒಳಗೆ ಬಿಡಿ. ಎರಡು ವಾರ ಬಿಟ್ಟು ಮತ್ತೊಮ್ಮೆ ಹೊಡೆಯಿರಿ, ಆಗ ಹೊಸ ಮರಿಗಳು ಹೊರಬಂದಿರುತ್ತವೆ. ಹಾಸಿಗೆಯ ಗೋಣಿಚೀಲ, ಕೌದಿಗಳನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಬಿಸಿಲಿಗಂತೂ ನಮ್ಮಲ್ಲಿ ಕೊರತೆಯಿಲ್ಲ.

ನಾಯಿಯ ಮೈಗೆ ಬೆನ್ನಿನ ಮೇಲೆ ಬಿಡುವ ಹನಿಮದ್ದು ಇದೆ, ನುಂಗಿಸುವ ಮಾತ್ರೆಯೂ ಇದೆ. ಹನಿಮದ್ದು ಹಾಕುವ ಮೊದಲು ಎರಡು ದಿನ, ಆಮೇಲೆ ಎರಡು ದಿನ ಸ್ನಾನ ಬೇಡ. ಮಾತ್ರೆಗಳಲ್ಲಿ ಅಫೋಕ್ಸೊಲೇನರ್ ಒಂದು ತಿಂಗಳು, ಫ್ಲೂರಲೇನರ್ ಸುಮಾರು ಹನ್ನೆರಡು ವಾರ ಕೆಲಸ ಮಾಡುತ್ತವೆ. ಬೆಲೆ ಜಾಸ್ತಿ, ನಿಜ. ಆದರೆ ತಿಂಗಳಿಗೆ ಮೂರು ಸಲ ಅಗ್ಗದ ಪುಡಿ ತಂದು ಉದುರಿಸುವ ಖರ್ಚನ್ನೂ ಲೆಕ್ಕ ಹಾಕಿ ನೋಡಿ. ಫಿಟ್ಸ್ ಬರುವ ನಾಯಿಯಾದರೆ ಈ ಮಾತ್ರೆಗೂ ಮೊದಲು ಡಾಕ್ಟರಿಗೆ ತಿಳಿಸಬೇಕು.

ದನಕ್ಕೆ ತಂದ ಐವರ್ಮೆಕ್ಟಿನ್ ಇಂಜೆಕ್ಷನ್ನು ಉಳಿದಿದೆ ಅಂತ ಅಂದಾಜಿನಲ್ಲಿ ನಾಯಿಗೆ ಚುಚ್ಚುವ ರೂಢಿ ಕೆಲವು ಕಡೆ ಇದೆ. ನೂರಾರು ಕೆಜಿ ತೂಗುವ ದನಕ್ಕೆಂದು ಮಾಡಿದ ಗಡಸು ಔಷಧ ಅದು. ನಾಯಿಗೆ ಅಳತೆ ತಪ್ಪಿದರೆ ಕಣ್ಣು ಕಾಣದಂತಾಗಿ, ತೂರಾಡಿ, ಪ್ರಜ್ಞೆ ತಪ್ಪಿ ಬೀಳುತ್ತದೆ. ಕೋಲಿ ಜಾತಿಯ ನಾಯಿಗಳಿಗಂತೂ ಸ್ವಲ್ಪ ಹೆಚ್ಚಾದರೂ ವಿಷವಾಗಬಹುದು. ಸುಟ್ಟ ಇಂಜಿನ್ ಆಯಿಲ್, ತಂಬಾಕಿನ ನೀರು, ಡಾಂಬರ್ ಗುಳಿಗೆ ಇವನ್ನೂ ಮೈಗೆ ತಾಗಿಸಬೇಡಿ, ನಾಯಿ ನೆಕ್ಕಿಕೊಂಡೇ ನೆಕ್ಕಿಕೊಳ್ಳುತ್ತದೆ.

ಉಣ್ಣಿ ಹತ್ತಿದ ನಾಯಿ ಊಟ ಬಿಟ್ಟರೆ, ಜ್ವರ ಬಂದರೆ, ಮೂಗಿನಲ್ಲಿ ರಕ್ತ ಬಂದರೆ, ಹೊಟ್ಟೆಯ ಚರ್ಮದಲ್ಲಿ ಕೆಂಪು ಚುಕ್ಕೆ ಎದ್ದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಉಣ್ಣಿಯಿಂದ ಬರುವ ಎರ್ಲಿಕಿಯಾ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಅದಕ್ಕೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಮೂರನೇ ದಿನವೇ ನಾಯಿ ಎದ್ದು ಬಾಲ ಅಲ್ಲಾಡಿಸುತ್ತದೆ. ಅಲ್ಲಿಗೇ ಮಾತ್ರೆ ನಿಲ್ಲಿಸಿದರೆ ರೋಗ ಒಳಗೇ ಕೂತಿರುತ್ತದೆ.

ಬೆಕ್ಕಿನ ವಿಷಯ ಬೇರೆ

ನಾಯಿಯ ಔಷಧ ಬೆಕ್ಕಿಗೆ ಹಾಕಬಾರದು. ಕಡಿಮೆ ಹಾಕಿದರೂ ಬಾರದು. ಪರ್ಮೆಥ್ರಿನ್ ಅನ್ನುವ ಔಷಧ ನಾಯಿಗೆ ಹೊಂದುತ್ತದೆ, ಬೆಕ್ಕಿಗೆ ವಿಷ. ಬೆಕ್ಕಿನ ಯಕೃತ್ತಿಗೆ ಅದನ್ನು ಕರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ಔಷಧ ಹಚ್ಚಿದ ನಾಯಿಯ ಪಕ್ಕ ಮಲಗಿದರೂ ತೊಂದರೆಯಾಗಬಹುದು. ದನಕ್ಕೆ ಹೊಡೆಯುವ ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಕೂಡ ಇದೇ ಮನೆತನದವು. ಕಿವಿ ಅದುರುವುದು, ಜೊಲ್ಲು, ಮೈ ನಡುಕ ಕಂಡರೆ ಪಾತ್ರೆ ತೊಳೆಯುವ ಸಾಬೂನು, ಉಗುರುಬೆಚ್ಚಗಿನ ನೀರಿನಿಂದ ತೊಳೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ಡಾಕ್ಟರ ಹತ್ತಿರ ಓಡಿ. ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರ, ಬೆಕ್ಕಿನ ತೂಕ ಇಲ್ಲದ ಯಾವುದನ್ನೂ ಹಾಕಬೇಡಿ.

ಕಿವಿಯಲ್ಲಿ ಕಾಫಿಪುಡಿಯಂಥ ಕರಿ ಕೊಳೆ ತುಂಬಿ ತಲೆ ಕೊಡವುತ್ತಿದ್ದರೆ ಕಿವಿನುಸಿ. ಕಿವಿಯ ಅಂಚು, ಮುಖದ ಮೇಲೆ ದಪ್ಪ ಹಕ್ಕಳೆಯಾದರೆ ಕಜ್ಜಿ. ಎರಡಕ್ಕೂ ಒಳ್ಳೆಯ ಮದ್ದಿದೆ, ಮನೆಯ ಎಲ್ಲ ಬೆಕ್ಕುಗಳಿಗೂ ಒಟ್ಟಿಗೆ ಮಾಡಿಸಬೇಕು.

ಬಸುರಿ ಹೆಂಗಸು ಇರುವ ಮನೆಯಲ್ಲಿ ಬೆಕ್ಕನ್ನು ಹೊರಹಾಕುವ ಮಾತು ಬರುತ್ತದೆ. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಬೆಕ್ಕಿನ ಮಲದಲ್ಲಿ ಬರುವುದು ನಿಜ. ಆದರೆ ಮಲ ಬಿದ್ದು ಒಂದು ದಿನವಾದರೂ ಕಳೆಯದೆ ಅದು ಅಂಟುವುದಿಲ್ಲ. ಬೇರೆ ಯಾರಾದರೂ ದಿನಾ ಮಲ ತೆಗೆದರೆ ಸಾಕು. ಅರೆಬೆಂದ ಮಾಂಸ, ತೊಳೆಯದ ಕಾಯಿಪಲ್ಯ, ಬರಿಗೈಯಲ್ಲಿ ಮಣ್ಣಿನ ಕೆಲಸ, ಇವುಗಳ ಬಗ್ಗೆ ಅಷ್ಟೇ ಹುಷಾರಾಗಿರಬೇಕು. ಮನೆ ಕಟ್ಟುವವರು ಓಣಿಯಲ್ಲಿ ಸುರಿದ ಉಸುಕಿನ ಗುಡ್ಡೆಯ ಮೇಲೆ ರಾತ್ರಿ ಬೆಕ್ಕು, ನಾಯಿ; ಬೆಳಗಾದರೆ ಮಕ್ಕಳು. ಅದಕ್ಕೊಂದು ತಾಡಪತ್ರಿ ಹೊದಿಸಿ. ಕೊಕ್ಕೆಹುಳದ ಮರಿ ಬರಿಗಾಲಿನ ಚರ್ಮ ಕೊರೆದು ಒಳಗೆ ಹೋಗುತ್ತದೆ, ಚರ್ಮದ ಮೇಲೆ ತುರಿಸುವ ಅಂಕುಡೊಂಕು ಗೆರೆ ಮೂಡಿಸುತ್ತದೆ.

ಕುರಿ ಕೊಯ್ದ ದಿನ ನಾಯಿಯನ್ನು ಕಟ್ಟಿಹಾಕಿ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ. ಜಾತ್ರೆ, ದೇವರು, ಬೀಗರೂಟ ಅಂತ ಕುರಿ ಕೊಯ್ದಾಗ ಯಕೃತ್ತನ್ನೂ ಪುಪ್ಪುಸವನ್ನೂ ಮುಟ್ಟಿ ನೋಡಿದವರಿಗೆ ಗೊತ್ತಿರುತ್ತದೆ. ಕೆಲವು ಸಲ ಅದರಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳಿರುತ್ತವೆ. "ಕೆಟ್ಟೈತಿ, ನಾಯಿಗೆ ಒಗಿ" ಅನ್ನುತ್ತಾರೆ. ಆ ಗುಳ್ಳೆಯೊಳಗೆ ಎಕಿನೊಕಾಕಸ್ ಅನ್ನುವ ಲಾಡಿಹುಳದ ಮರಿಗಳಿರುತ್ತವೆ. ನಾಯಿ ತಿಂದ ಸುಮಾರು ಆರೇಳು ವಾರಕ್ಕೆ ಅದರ ಮಲದಲ್ಲಿ ಮೊಟ್ಟೆ ಬರಲು ಶುರು. ಆ ಹುಳ ಕೆಲವೇ ಮಿಲಿಮೀಟರ್ ಉದ್ದ, ಮಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ನಾಯಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಮೊಟ್ಟೆ ಅದರ ಕೂದಲಿಗೂ ಅಂಟಿರುತ್ತದೆ. ಅದನ್ನು ಸವರಿದ ಕೈಯಲ್ಲಿ ರೊಟ್ಟಿ ಮುರಿದರೆ ಮನುಷ್ಯನಿಗೂ ಅದೇ ಗುಳ್ಳೆ. ಯಕೃತ್ತಿನಲ್ಲೋ ಪುಪ್ಪುಸದಲ್ಲೋ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಎಷ್ಟೋ ಸಲ ಆಪರೇಷನ್ನೇ ಮಾಡಿಸಬೇಕಾಗುತ್ತದೆ.

ಕುರಿಯ ತಲೆಯದೂ ಇಂಥದೇ ಕತೆ. ಹಿಂಡಿನಲ್ಲಿ ಒಂದು ಕುರಿ ತಲೆ ವಾಲಿಸಿಕೊಂಡು ಒಂದೇ ಕಡೆ ಸುತ್ತು ಹೊಡೆಯುತ್ತದೆ, ಹಿಂದೆ ಬೀಳುತ್ತದೆ, ಗಿಡಕ್ಕೆ ಹಾಯುತ್ತದೆ. ಮಿದುಳಿನಲ್ಲಿ ಇನ್ನೊಂದು ಲಾಡಿಹುಳದ ಗುಳ್ಳೆ ಬೆಳೆದಿರಬಹುದು. ಸತ್ತ ಮೇಲೆ ತಲೆಯನ್ನು ಕಾವಲು ನಾಯಿಗೇ ಹಾಕಿದರೆ, ಅದೇ ನಾಯಿಯ ಮಲ ಬಿದ್ದ ಹುಲ್ಲಿನಿಂದ ಮುಂದಿನ ಕುರಿಗೆ.

ಈ ಸರಪಳಿಯನ್ನು ಕಡಿಯುವುದು ಕಷ್ಟವಲ್ಲ. ಕೊಯ್ಯುವ ಹೊತ್ತಿಗೆ ನಾಯಿಯನ್ನು ಕಟ್ಟಿಹಾಕಿ. ಬೇಡವಾದ ಭಾಗವನ್ನು ನಾಯಿ ಕೆದರಲಾರದಷ್ಟು ಆಳಕ್ಕೆ ಹೂತು ಮೇಲೆ ಕಲ್ಲು ಹೇರಿ, ಇಲ್ಲವೇ ಸುಡಿ. ನಾಯಿಗೆ ಹಾಕಲೇಬೇಕೆಂದರೆ ಚೂರು ಮಾಡಿ ಅರ್ಧ ಗಂಟೆಗಿಂತ ಹೆಚ್ಚು ಕುದಿಸಿ ಹಾಕಿ. ಕುರಿಹಿಂಡಿನ ಜತೆ ತಿರುಗುವ ನಾಯಿಗೆ ಮೂರು ತಿಂಗಳ ಲೆಕ್ಕ ಸಾಲದು. ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಬೇಕು. ಮಾತ್ರೆ ಕೊಟ್ಟ ಒಂದೆರಡು ದಿನದ ಮಲವನ್ನು ಸುಟ್ಟುಬಿಡಿ.

ಕುರಿ, ಆಡು, ದನಕ್ಕೆ

ಕುರಿಗಳಲ್ಲಿ ರಕ್ತ ಹೀರುವ ಹೊಟ್ಟೆಹುಳು ಮಳೆಗಾಲದಲ್ಲಿ ಏರುತ್ತದೆ. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡುವುದೇ ಅದಕ್ಕೆ ಪರೀಕ್ಷೆ. ಒಳಗೆ ಕೆಂಪಿದ್ದರೆ ಬಿಟ್ಟುಬಿಡಿ. ಬೆಳ್ಳಗಿದ್ದರೆ, ಗದ್ದದ ಕೆಳಗೆ ನೀರು ಬಾತಿದ್ದರೆ ಆ ಕುರಿಗೆ ತಡಮಾಡದೆ ಔಷಧ ಕುಡಿಸಿ. ಇಡೀ ಹಿಂಡಿಗೆ ಮತ್ತೆ ಮತ್ತೆ ಒಂದೇ ಔಷಧ ಕುಡಿಸುತ್ತಾ ಹೋದರೆ ಕೆಲ ವರ್ಷದಲ್ಲಿ ಅದು ನಾಟುವುದಿಲ್ಲ. ಕುಡಿಸುವಾಗ ತಲೆಯನ್ನು ತೀರಾ ಎತ್ತಬೇಡಿ, ಔಷಧ ಪುಪ್ಪುಸಕ್ಕೆ ಇಳಿಯುತ್ತದೆ. ಆಲ್ಬೆಂಡಜೋಲ್ ಅನ್ನುವ ಜಂತಿನ ಔಷಧವನ್ನು ಗಬ್ಬದ ಮೊದಲ ದಿನಗಳಲ್ಲಿ ಕೊಡಬಾರದು. ಬೆಳಗಿನ ಇಬ್ಬನಿ ಆರಿದ ಮೇಲೆ ಮೇಯಲು ಬಿಡಿ, ಹುಳದ ಮರಿ ಹಸಿ ಹುಲ್ಲಿನ ತುದಿಗೆ ಹತ್ತಿರುತ್ತದೆ.

ಆಲಮಟ್ಟಿ ಹಿನ್ನೀರು, ಘಟಪ್ರಭಾ, ಮಲಪ್ರಭಾ ಕಾಲುವೆ ಕಡೆಯವರಿಗೆ ಇನ್ನೊಂದು ಕಾಟ ಇರುತ್ತದೆ: ಯಕೃತ್ತಿನ ಚಪ್ಪಟೆ ಹುಳು. ಇದರ ಮರಿ ಬೆಳೆಯುವುದು ನೀರಿನ ಬಸವನಹುಳದಲ್ಲಿ. ಕಾಲುವೆ ದಂಡೆಯ ಜವುಗು ಹುಲ್ಲಿನ ಬದಲು ಒಣ ಜಾಗದಲ್ಲಿ ಮೇಯಿಸಿ, ನೀರನ್ನು ತೊಟ್ಟಿಯಲ್ಲಿ ಕುಡಿಸಿ. ಎಲ್ಲ ಜಂತಿನ ಔಷಧವೂ ಇದಕ್ಕೆ ನಾಟುವುದಿಲ್ಲ, ಡಾಕ್ಟರಿಗೆ ಕಾಲುವೆ ಪಕ್ಕದವರು ಅಂತ ಹೇಳಿ.

ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜರ್ಸಿ ಮಿಶ್ರತಳಿ ಆಕಳಿಗೆ ಉಣ್ಣಿಯಿಂದ ಬರುವ ಥೈಲೇರಿಯಾ ಜ್ವರ ಬೇಗ ಹತ್ತುತ್ತದೆ. ಕಿಲಾರಿ ದನ ಇದನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಏರಿದ ಜ್ವರ, ಭುಜದ ಮುಂದೆ ಗಡ್ಡೆ ಊದುವುದು, ಹಾಲು ಒಮ್ಮೆಲೇ ಇಳಿಯುವುದು ಇದರ ಗುರುತು. ಮೂತ್ರ ಕೆಂಪಾದರೆ ಉಣ್ಣಿಯಿಂದಲೇ ಬರುವ ಬಬೀಸಿಯಾ ರೋಗ ಇರಬಹುದು. ಎರಡಕ್ಕೂ ಬೇರೆ ಬೇರೆ ಇಂಜೆಕ್ಷನ್ನು, ಮೊದಲ ದಿನಗಳಲ್ಲಿ ಕೊಟ್ಟರೆ ಉಳಿಯುವ ಆಸೆ ಜಾಸ್ತಿ. ಗೋದಲಿಯ ಹಿಂದಿನ ಗೋಡೆಯ ಸಂದುಗಳನ್ನು ಮುಚ್ಚುವ ಕೆಲಸ ಇಲ್ಲೂ ಇದೆ. ಔಷಧ ಕೊಟ್ಟ ಆಕಳ ಹಾಲನ್ನು ಎಷ್ಟು ದಿನ ಬಳಸಬಾರದೆಂದು ಪೊಟ್ಟಣದ ಮೇಲೆ ಇರುತ್ತದೆ, ಕೇಳಿ ತಿಳಿದುಕೊಳ್ಳಿ.

ಅಮೀನಗಡದ ಸಂತೆಯಿಂದ ಕುರಿ ತಂದರೂ, ಸಿದ್ಧೇಶ್ವರ ಜಾತ್ರೆಯಲ್ಲಿ ಜೋಡೆತ್ತು ಕೊಂಡರೂ, ಬಂದ ದಿನವೇ ಹಳೆಯವುಗಳ ಜತೆ ಕೂಡಿಸಬೇಡಿ. ಎರಡು ಮೂರು ವಾರ ಬೇರೆ ಕಟ್ಟಿ, ಉಣ್ಣಿ ನೋಡಿ, ಸಗಣಿ ಪರೀಕ್ಷೆ ಮಾಡಿಸಿ.

ದವಾಖಾನೆಗೆ ಹೋಗುವಾಗ

ಬಿಳಿಚಿದ ಒಸಡು, ರಕ್ತ ಬೆರೆತ ಭೇದಿ, ಕೆಂಪು ಮೂತ್ರ, ನಡುಕ, ಹುಳ ಬಿದ್ದ ಗಾಯ, ಊಟ ಬಿಟ್ಟ ಸಣ್ಣ ಮರಿ ಇದ್ದರೆ ಮನೆಮದ್ದಿಗೆ ಕಾಯಬೇಡಿ. ಹುಳ ಬಿದ್ದ ಗಾಯಕ್ಕೆ ದನಗಳಿಗೆ ಬಿಡುವ ಟರ್ಪಂಟೈನ್ ಎಣ್ಣೆಯನ್ನು ನಾಯಿ, ಬೆಕ್ಕಿಗೆ ಸುರಿಯಬೇಡಿ. ಪ್ರಾಣಿಯನ್ನು ಒಯ್ಯಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ, ಅದು ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ. ಹೋಗುವಾಗ ಮಲದ ಡಬ್ಬಿ, ಇದುವರೆಗೆ ಕೊಟ್ಟ ಔಷಧಗಳ ಖಾಲಿ ಪೊಟ್ಟಣ ಒಯ್ಯಿರಿ. ಅಂಗಡಿಯವರು ಕೊಟ್ಟದ್ದು, ಪಕ್ಕದ ಮನೆಯವರು ಹಚ್ಚಿದ್ದು ಎಲ್ಲವನ್ನೂ ಮುಚ್ಚಿಡದೆ ಹೇಳಿ. ಡಾಕ್ಟರ್ ಬೈದರೂ ಅಡ್ಡಿಯಿಲ್ಲ. ಒಂದರ ಮೇಲೊಂದು ಔಷಧ ಬೀಳುವುದು ತಪ್ಪುತ್ತದೆ.